ಹಿತ್ತಲ ಕೊಳಕ್ಕೆ ಮರುಜೀವ

ಬಳ್ಳಾರಿ ಸೀಮೆಯ ಬೇಸಿಗೆ ಎಂದರೆ ಗೊತ್ತೇ ಇದೆಯಲ್ಲ. ರೂಪನಗುಡಿಯ ಹಿತ್ತಲಲ್ಲೊಂದು ಪುಟ್ಟ ಕೊಳವಿದ್ದರೆ ಏಪ್ರಿಲ್ ಹೊತ್ತಿಗೆ ಅದರ ನೀರು ಹಸಿರು ಗಂಜಿಯಂತಾದೀತು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಪರದಾಟ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 35 ಡಿಗ್ರಿಯಲ್ಲಿ ಸುಮಾರು 7 ಮಾತ್ರ. ರಾತ್ರಿ ಅದರಲ್ಲೂ ಪಾಚಿ ಪಾಲು ಕೇಳುತ್ತದೆ.

ಹಾಗೆಂದು ಕೊಳವನ್ನು ಪೂರ್ತಿ ಬರಿದು ಮಾಡಿ ಉಜ್ಜಿ ತೊಳೆಯಬೇಡಿ. ಮೀನುಗಳು ಹೊರಹಾಕುವ ಅಮೋನಿಯಾ ವಿಷ. ಕಲ್ಲಿಗೆ, ಗೋಡೆಗೆ ಅಂಟಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುತ್ತವೆ. ನೈಟ್ರೇಟ್ ಗಿಡಗಳಿಗೆ ಗೊಬ್ಬರ. ತಳದ ಕೆಸರನ್ನಷ್ಟೇ ತೆಗೆದು ಕಾಲು ಭಾಗ ನೀರು ಬದಲಿಸಿ. ನಲ್ಲಿಯ ನೀರಾದರೆ ಕ್ಲೋರಿನ್ ಹಾರಿಹೋಗಲು ಒಂದು ದಿನ ತೆರೆದಿಡಿ.

ಶೋಧಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪ್ಲಾಸ್ಟಿಕ್ ಡ್ರಮ್ಮಿಗೆ ಜಲ್ಲಿ ತುಂಬಿ ದಂಡೆಯ ಮೇಲಿಡಿ. ಚಿಕ್ಕ ಪಂಪು ಕೊಳದ ನೀರನ್ನು ಡ್ರಮ್ಮಿನ ತಳಕ್ಕೆ ತಳ್ಳಲಿ. ಜಲ್ಲಿಯೊಳಗಿಂದ ಮೇಲೇರಿದ ನೀರು ಧಾರೆಯಾಗಿ ಕೊಳಕ್ಕೆ ಮರಳಲಿ. ಧಾರೆ ಗಾಳಿಯನ್ನೂ ಬೆರೆಸುತ್ತದೆ. ರಾತ್ರಿ ಕರೆಂಟ್ ಹೋದರೆ ಕೊಡದಲ್ಲಿ ನೀರೆತ್ತಿ ಮೇಲಿಂದ ಸುರಿಯಿರಿ. ಜಲ್ಲಿಯನ್ನು ಕೊಳದ ನೀರಲ್ಲೇ ಜಾಲಿಸಿ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮೀನು ಕಡಿಮೆ, ಮೇವು ಇನ್ನೂ ಕಡಿಮೆ.

ನೈದಿಲೆಯ ಎಲೆಗಳು ಅರ್ಧ ನೀರನ್ನು ಮುಚ್ಚಿದರೆ ಪಾಚಿಗೆ ಬಿಸಿಲು ದಕ್ಕದು. ಗಪ್ಪಿ ಮೀನುಗಳು ಸೊಳ್ಳೆಮರಿಗಳನ್ನು ತಿಂದು ಮನೆಮಂದಿಯನ್ನೂ ಕಾಯುತ್ತವೆ. ಹೆಚ್ಚಾದವನ್ನು ಮಾತ್ರ ಹಳ್ಳಕ್ಕೆ ಬಿಡಬೇಡಿ. ಗಪ್ಪಿ ನಮ್ಮ ನೆಲದ ಮೀನಲ್ಲ. ಹಳ್ಳದ ಮೀನುಗಳ ಪಾಲಿಗೆ ಅದು ಕರೆಯದೆ ಬಂದ ನೆಂಟ.