ಮೂರು ಮೆಟ್ಟಿಲಿನ ತಾರತಮ್ಯ

ಸವಳಂಗದವರಿಗೆ ತಾಲ್ಲೂಕು ಕಚೇರಿ ಎಂದರೆ ನ್ಯಾಮತಿ, ಜಿಲ್ಲಾ ಕಚೇರಿ ಎಂದರೆ ದಾವಣಗೆರೆ. ಕಾಲಿನ ಸ್ವಾಧೀನ ಇಲ್ಲದವರೊಬ್ಬರು ಅಷ್ಟು ದೂರ ಹೋಗಿ, ಯಾವುದೋ ಕಚೇರಿಯ ಮೂರು ಮೆಟ್ಟಿಲ ಕೆಳಗೆ ನಿಂತು, ‘ಅಣ್ಣಾ, ಒಳಗಿನವರನ್ನ ಸ್ವಲ್ಪ ಕರೀತೀರಾ’ ಎನ್ನುತ್ತಾರೆ. ಗುಮಾಸ್ತರು ವಿಶ್ವಾಸದಿಂದಲೇ ಹೊರಬಂದು ಅರ್ಜಿ ಇಸಿದುಕೊಳ್ಳುತ್ತಾರೆ. ಯಾರೂ ಕೆಟ್ಟ ಮಾತಾಡಲಿಲ್ಲ. ತಾರತಮ್ಯ ಆಯಿತೆ?

ಆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನಸ್ಸಿನ ಉದ್ದೇಶವನ್ನಷ್ಟೇ ನೋಡುವುದಿಲ್ಲ, ಪರಿಣಾಮವನ್ನೂ ನೋಡುತ್ತದೆ. ಸಾಧ್ಯವಿರುವ ಅನುಕೂಲ ಮಾಡಿಕೊಡದಿರುವುದನ್ನೇ ತಾರತಮ್ಯ ಎನ್ನುತ್ತದೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬರೆಯುವಾಗ ಕೈ ಸೆಡೆತುಕೊಳ್ಳುವ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು ಸಿಗಬೇಕು, ಅದಕ್ಕೆ ಶೇ 40ರ ಅಂಗವೈಕಲ್ಯದ ಸರ್ಟಿಫಿಕೇಟೇ ಬೇಕೆಂದಿಲ್ಲ ಎಂದಿತು.

‘ದುಡ್ಡೆಲ್ಲಿದೆ ಸ್ವಾಮಿ’ ಎನ್ನುವ ತಕರಾರು ಸುಳ್ಳಲ್ಲ. ಮಿತಿ ಮೀರಿದ ಹೊರೆ ಹೊರಿಸಬಾರದೆಂದು ಕಾಯ್ದೆಯೇ ಹೇಳಿದೆ. ಆದರೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟ ಐದು ವರ್ಷದ ಗಡುವು, 2017ರ ಜೂನ್‌ನಲ್ಲಿ ನಿಯಮಗಳು ಬಂದಲ್ಲಿಂದ ಲೆಕ್ಕ ಹಿಡಿದರೆ, 2022ಕ್ಕೇ ಮುಗಿದಿದೆ. ಇಳಿಜಾರು ಕಟ್ಟಿರುವ ಕಡೆಯಾದರೂ ಏನಾಗಿದೆ ನೋಡಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅರ್ಧರ್ಧ ಅಡಿಯ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಗುತ್ತಿಗೆದಾರ ಐದಾರು ಅಡಿಯಲ್ಲಿ ಮುಗಿಸಿ ಬಿಲ್ ಮಾಡಿಸಿಕೊಂಡಿರುತ್ತಾನೆ, ಅದರ ಬುಡದಲ್ಲಿ ಸಿಬ್ಬಂದಿಯ ಬೈಕು. ಗಾಲಿಕುರ್ಚಿ ಹತ್ತಿಸಲು ಇಬ್ಬರು ಬೇಕು. ಇಳಿಸುವಾಗ ದೇವರೇ ಗತಿ.

ತ್ರಿಚಕ್ರ ವಾಹನ ಹಂಚುವ ಸಮಾರಂಭಕ್ಕೆ ಶಾಸಕರು ಬರುತ್ತಾರೆ, ಫೋಟೊ ಬರುತ್ತದೆ. ಬೇಡವೆನ್ನಲಾರೆ, ಆ ಗಾಡಿ ಬೇಕೇ ಬೇಕು. ಆದರೆ ಗಾಡಿ ಪಡೆದವರು ಮರುದಿನವೇ ಮೆಟ್ಟಿಲ ಬಗ್ಗೆ ತಕರಾರು ತೆಗೆದರೆ ‘ಕೊಟ್ಟಿದ್ದು ಸಾಲದೇನೋ’ ಎಂಬ ಮಾತು ಬರುತ್ತದೆ. ಮಾಸಾಶನ, ಬಸ್ ಪಾಸು, ಗಾಡಿ ಎಲ್ಲವೂ ಉಪಕಾರದ ಖಾತೆಗೆ ಜಮೆಯಾಗಿ ಹಕ್ಕು ಕೇಳುವ ಬಾಯಿ ಕಟ್ಟಿಹೋಗುತ್ತದೆ.

ಬಾಯಿಮಾತಿನ ಕೋರಿಕೆಗೆ ಬಾಯಿಮಾತಿನ ಉತ್ತರವೇ ಸಿಗುವುದು. ಆದ್ದರಿಂದ ಈ ಕಾಯ್ದೆಯಡಿಯ ರಾಜ್ಯ ಆಯುಕ್ತರಿಗೆ ಬರೆದುಕೊಡುವ ದೂರನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಅವರ ಶಿಫಾರಸು ಒಪ್ಪದ ಇಲಾಖೆ ಮೂರು ತಿಂಗಳೊಳಗೆ ಕಾರಣ ತಿಳಿಸಬೇಕು, ನೊಂದವರಿಗೂ ತಿಳಿಸಬೇಕು. ದುಡ್ಡಿಲ್ಲ ಎಂಬುದನ್ನೂ ಆಗ ಕಾಗದದ ಮೇಲೆ ಹೇಳಬೇಕಾಗುತ್ತದೆ.

ದೂರು ಬರೆಯುವವರು ಯಾರು? ಹಳ್ಳಿಯಲ್ಲಿ ಈ ಕಾಯ್ದೆ ಬಲ್ಲವರೆಂದರೆ ಹೆಚ್ಚಾಗಿ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯೂ. ಗೌರವಧನದ ಮೇಲೆ ದುಡಿಯುವ ಅವರು ಕೂರುವುದೂ ಅದೇ ಪಂಚಾಯಿತಿ ಕಟ್ಟಡದಲ್ಲಿ. ಪಿಡಿಒ ವಿರುದ್ಧ ಅವರು ಬರೆಯಲಿ ಎನ್ನುವುದು ಅನ್ಯಾಯ. ಆಯುಕ್ತರು ಸ್ವಯಂಪ್ರೇರಿತವಾಗಿಯೂ ವಿಚಾರಣೆ ನಡೆಸಬಹುದಾದ್ದರಿಂದ, ಮೆಟ್ಟಿಲು ಹತ್ತಬಲ್ಲ ನಮ್ಮ ನಿಮ್ಮಂಥವರ ಒಂದು ಪತ್ರವೂ ಅವರಿಗೆ ಸಾಕು.