ನೈರೆರೆಯನ್ನು ಹೊಗಳುವ ಮೊದಲು

ಕಳೆದ ನವೆಂಬರ್ ಒಂದರಂದು ನಮ್ಮ ವಾಚನಾಲಯದ ಜಗಲಿಯಲ್ಲಿ ಭಾಷಣ ಮಾಡಿದವರು, ಮಾತೃಭಾಷೆಯಲ್ಲಿ ಶಿಕ್ಷಣ ಕೊಟ್ಟು ದೇಶ ಕಟ್ಟಿದ ಟಾಂಜಾನಿಯಾದ ನೈರೆರೆಯನ್ನು ನೋಡಿ ಕಾಸರಗೋಡಿನ ಕನ್ನಡಿಗರು ಕಲಿಯಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಮಾತ್ರ ಮನಸ್ಸು ಕುಟುಕಲಿಕ್ಕೆ ಸುರುವಾಯಿತು. ಆ ಮಾತಿನಲ್ಲಿ ಅರ್ಧ ಸುಳ್ಳು ಉಂಟು ಮಾರಾಯ್ರೆ. ಆ ಅರ್ಧ ಸುಳ್ಳಿನಲ್ಲೇ ನಮ್ಮ ಊರಿನ ಕಥೆಯೂ ಉಂಟು.

ಜೂಲಿಯಸ್ ನೈರೆರೆ ಹುಟ್ಟಿದ್ದು 1922ರಲ್ಲಿ, ವಿಕ್ಟೋರಿಯಾ ಸರೋವರದ ಪೂರ್ವಕ್ಕಿರುವ ಬುಟಿಯಾಮ ಎಂಬ ಹಳ್ಳಿಯಲ್ಲಿ. ಅಪ್ಪ ಬುರಿಟೊ, ಜನಾಕಿ ಎಂಬ ಸಣ್ಣ ಪಂಗಡದ ಮುಖಂಡ. ಮನೆಯ ಮಾತು ಜನಾಕಿ. ಹನ್ನೆರಡನೇ ವಯಸ್ಸಿಗೆ ಮುಸೋಮದ ಶಾಲೆಗೆ ಸೇರಿದಾಗ ಸ್ವಾಹಿಲಿ ಅವರಿಗೆ ಹೊಸದಾಗಿ ಕಲಿಯಬೇಕಾದ ಭಾಷೆ. ಮುಂದೆ ಟಬೋರಾ, ಮಕೆರೆರೆ, ಎಡಿನ್‌ಬರೊ ಎಂದೆಲ್ಲ ಓದಿ ಬಂದು, ದಾರ್ ಎಸ್ ಸಲಾಮ್ ಪಕ್ಕದ ಪುಗುವಿನಲ್ಲಿ ಮೇಷ್ಟ್ರಾದರು. 1954ರ ಜುಲೈ 7ಕ್ಕೆ ಟಾನು ಪಕ್ಷ ಹುಟ್ಟಿತು. ಮರುವರ್ಷ ಪಾಠವೋ ರಾಜಕೀಯವೋ ಆರಿಸಿಕೊಳ್ಳಿ ಎಂಬ ಮಾತು ಬಂದಾಗ ಕೆಲಸ ಬಿಟ್ಟರು. ಜನ ಅವರನ್ನು ಕೊನೆಯವರೆಗೂ ಕರೆದದ್ದು 'ಮ್ವಾಲಿಮು' ಎಂದು. ಎಂದರೆ ಮಾಷ್ಟ್ರು. ಬಿಟ್ಟ ಕೆಲಸವೇ ಹೆಸರಾಗಿ ಉಳಿಯಿತು.

ಈಗ ನೋಡಿ, ಸ್ವಾಹಿಲಿ ನೈರೆರೆಯ ಮಾತೃಭಾಷೆಯೇ ಅಲ್ಲ. ಅದು ಕರಾವಳಿಯಲ್ಲಿ ವ್ಯಾಪಾರದ ನಡುವೆ ಬೆಳೆದು, ಜರ್ಮನರೂ ಬ್ರಿಟಿಷರೂ ತಮ್ಮ ಆಡಳಿತದ ಅನುಕೂಲಕ್ಕೆ ಒಳನಾಡಿಗೆ ಎಳೆದುಕೊಂಡು ಹೋದ ಭಾಷೆ. ನೂರಿಪ್ಪತ್ತಕ್ಕೂ ಮಿಕ್ಕಿ ಭಾಷೆಗಳಿರುವ ನೆಲದಲ್ಲಿ ಅದು ಯಾವ ದೊಡ್ಡ ಪಂಗಡದ ಸ್ವತ್ತೂ ಆಗಿರಲಿಲ್ಲ. ನೈರೆರೆ ಅದರಲ್ಲಿ ಮಾತಾಡುತ್ತ ದೇಶ ಸುತ್ತಿದರು. 1961ರ ಡಿಸೆಂಬರ್ 9ಕ್ಕೆ ಟಾಂಗನಿಕಾ ಸ್ವತಂತ್ರವಾದದ್ದು ಯುದ್ಧವಿಲ್ಲದೆ. ಆ ಕೆಲಸದಲ್ಲಿ ಈ ಭಾಷೆಯ ಪಾಲು ದೊಡ್ಡದು. ಒಂದೂವರೆ ತಿಂಗಳಲ್ಲೇ ಪ್ರಧಾನಿ ಪಟ್ಟ ಬಿಟ್ಟು ಹಳ್ಳಿಗಳಲ್ಲಿ ಪಕ್ಷ ಕಟ್ಟಲಿಕ್ಕೆ ಹೋದರು, ವರ್ಷದ ಕೊನೆಗೆ ಅಧ್ಯಕ್ಷರಾಗಿ ಮರಳಿದರು. ಈ ನಡುವೆ ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ಸ್ವಾಹಿಲಿಗೆ ತಂದರು. ಆಮೇಲೆ ವೆನಿಸ್ ವರ್ತಕನನ್ನೂ ತಂದರು. ರಾಜ್ಯಭಾರದ ನಡುವೆ ಕೂತು ಅನುವಾದ ಮಾಡುವ ಅಧ್ಯಕ್ಷರು ಎಷ್ಟು ಮಂದಿ ಇದ್ದಾರು!

1967ರಲ್ಲಿ ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿಯಾಯಿತು. ದೊಡ್ಡವರಿಗೆ ಅಕ್ಷರ ಕಲಿಸಿದ ಚಳವಳಿ ಆಫ್ರಿಕದಲ್ಲೇ ಹೆಸರಾಯಿತು. ಇದು ನಿಜ, ಇದಕ್ಕೆ ಚಪ್ಪಾಳೆ ಹೊಡೆಯೋಣ. ಆದರೆ ಜನಾಕಿ ಎಲ್ಲಿ ಹೋಯಿತು? ಸುಕುಮಾ, ಹಾಯಾ, ಚಗ್ಗಾ ಎಲ್ಲಿ ಹೋದವು? ಶಾಲೆಯ ಬಾಗಿಲಲ್ಲೇ ನಿಂತವು. ಮಾತೃಭಾಷೆಯ ಮಹಾಪುರುಷ ಎನ್ನುವಾಗ ಆ ಮಕ್ಕಳನ್ನೂ ಸ್ವಲ್ಪ ನೆನೆಯಬೇಕಲ್ಲ?

ಇದನ್ನು ಕೇಳುವ ಹಕ್ಕು ನನಗೆ ಉಂಟಾ ಎಂದರೆ, ಇಲ್ಲ. ನಾನು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವನು. ಮನೆಯಲ್ಲಿ ನನ್ನದು ತುಳು. ಕ್ಲಾಸಿನಲ್ಲಿ ತುಳು ಮಾತಾಡಿದ ಮಕ್ಕಳ ಕೈಗೆ ಬೆತ್ತದಲ್ಲಿ ಕೊಟ್ಟವನೂ ನಾನೇ. ಬ್ಯಾರಿ ಮಾತಾಡುವ ಒಬ್ಬ ಹುಡುಗ ಒಂದು ವರ್ಷ ಬಾಯಿಯೇ ತೆರೆಯದೆ ಕೂತಿದ್ದ. ಅವನು ದಡ್ಡ ಎಂದು ಬರೆದೆ. ಕನ್ನಡ ಬಾರದ ಮಾಷ್ಟ್ರನ್ನು ಕನ್ನಡ ಕ್ಲಾಸಿಗೆ ಹಾಕಿದರು ಎಂದು ನಾವು ಮೆರವಣಿಗೆ ಹೋಗುತ್ತೇವೆ, ಹೋಗಲೇಬೇಕು, ಅದು ಅನ್ಯಾಯವೇ. ಆದರೆ ಆ ಹುಡುಗನ ಪಾಲಿಗೆ ನಾನು ಎಂಥ ಮಾಷ್ಟ್ರು?

ಇನ್ನೊಂದು ಕಡೆಯ ಬುದ್ಧಿವಂತರೂ ಇದ್ದಾರೆ. ಅವರು ಹೇಳುವುದು: ನೈರೆರೆಯೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಉಳಿಸಿದರಲ್ಲ, ಮತ್ತೆ ನಮ್ಮದೇನು ಹಟ? ಉಳಿಸಿದ್ದು ಹೌದು. 1982ರಲ್ಲಿ ಸರಕಾರದ್ದೇ ಒಂದು ಆಯೋಗ ಪ್ರೌಢಶಾಲೆಗೂ ಸ್ವಾಹಿಲಿ ತನ್ನಿ ಎಂದು ಹೇಳಿತು, ಸರಕಾರ ಒಪ್ಪಲಿಲ್ಲ. ಇಂಗ್ಲಿಷೆಂದರೆ ಜಗತ್ತಿನ ಸ್ವಾಹಿಲಿ ಎಂಬರ್ಥದ ಮಾತನ್ನು ನೈರೆರೆ ಆಡಿದ್ದೂ ಉಂಟು. ಅದರ ಫಲ ಏನು? ಮಾಷ್ಟ್ರು ಸ್ವಾಹಿಲಿಯಲ್ಲಿ ವಿವರಿಸುವುದು, ಇಂಗ್ಲಿಷಿನಲ್ಲಿ ನೋಟ್ಸ್ ಬರೆಸುವುದು, ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕುವುದು. ಏಳು ವರ್ಷ ಒಂದು ಭಾಷೆಯಲ್ಲಿ ಹತ್ತಿಸಿದ ಏಣಿಯನ್ನು ಎಂಟನೆಯ ಮೆಟ್ಟಿಲಲ್ಲಿ ಕೊಯ್ದರೆ ಮಗು ಬೀಳದೆ ಏನು ಮಾಡೀತು? ದುಡ್ಡಿದ್ದವರು ಇದನ್ನು ಬೇಗ ಅರ್ಥ ಮಾಡಿಕೊಂಡು ಮಕ್ಕಳನ್ನು ಮೊದಲಿನಿಂದಲೇ ಇಂಗ್ಲಿಷಿಗೆ ಕಳಿಸಿದರು. ಇದು ಅನುಸರಿಸಬೇಕಾದ ಉದಾಹರಣೆ ಅಲ್ಲ, ಆ ದೊಡ್ಡ ಮನುಷ್ಯ ಎಡವಿದ ಜಾಗ.

ಎಡವಿದ್ದು ಅಲ್ಲಿ ಮಾತ್ರವೂ ಅಲ್ಲ. ಉಜಾಮಾ, ಎಂದರೆ ಕುಟುಂಬದ ಹಾಗೆ ಕೂಡಿ ಬಾಳುವುದು, 1967ರ ಅರೂಷಾ ಘೋಷಣೆಯ ಹೊತ್ತಿಗೆ ಕೇಳಲಿಕ್ಕೆ ಎಷ್ಟು ಚಂದ. ಜನ ತಾವಾಗಿ ಬರಲಿ ಎಂದೇ ಅವರು ಮೊದಲು ಹೇಳುತ್ತಿದ್ದದ್ದು. ಬಾರದಿದ್ದಾಗ 1973ರಿಂದ ಆಜ್ಞೆ ಬಂತು. ಲಕ್ಷಲಕ್ಷ ಜನರನ್ನು ಲಾರಿಗಳಲ್ಲಿ ಹೇರಿ ಹೊಸ ಹಳ್ಳಿಗಳಿಗೆ ಸಾಗಿಸಿದರು, ತಿರುಗಿ ಹೋಗದ ಹಾಗೆ ಎಷ್ಟೋ ಕಡೆ ಹಳೆ ಮನೆಗಳಿಗೆ ಬೆಂಕಿ ಇಟ್ಟರು. ವಿಚಾರಣೆ ಇಲ್ಲದೆ ಜೈಲಿಗೆ ಹಾಕುವ ಕಾನೂನು 1962ರಲ್ಲೇ ಬಂದಿತ್ತು. ಪ್ರೀತಿಯಿಂದ ಹೊರಟ ಮಾಷ್ಟ್ರ ಕೈಗೆ ಬೆತ್ತ ಹೇಗೆ ಬರುತ್ತದೆ ಎಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಆದರೂ ಆ ಮನುಷ್ಯನನ್ನು ನಾನು ಬಿಟ್ಟುಕೊಡುವುದಿಲ್ಲ. 1985ರಲ್ಲಿ ತಾವಾಗಿ ಅಧಿಕಾರ ಬಿಟ್ಟು ಬುಟಿಯಾಮಕ್ಕೆ ಹೋಗಿ ಬೇಸಾಯ ಮಾಡಿದರು. ತಮ್ಮ ಧೋರಣೆಗಳಲ್ಲಿ ತಪ್ಪಾದದ್ದು ಉಂಟು ಎಂದು ಬಾಯಿಬಿಟ್ಟು ಹೇಳಿದರು. ಗಾಂಧಿ ಶಾಂತಿ ಪ್ರಶಸ್ತಿಯನ್ನು 1995ರಲ್ಲಿ ನಮ್ಮ ದೇಶ ಮೊತ್ತಮೊದಲು ಕೊಟ್ಟದ್ದು ಅವರಿಗೇ. 1999ರಲ್ಲಿ ತೀರಿಕೊಂಡರು. ದೇಶದ ದುಡ್ಡು ಕದ್ದರು ಎಂದು ವೈರಿಗಳೂ ಹೇಳುವುದಿಲ್ಲ.

ಹಾಗಾಗಿ ನಮ್ಮ ವಾಚನಾಲಯದ ಸಮಿತಿಯವರಲ್ಲಿ ಒಂದು ಬೇಡಿಕೆ. ಬರುವ ನವೆಂಬರಿಗೆ ನೈರೆರೆಯ ಹೆಸರು ಎತ್ತುವುದಾದರೆ ಎತ್ತಿ. ಅದಕ್ಕಿಂತ ಮೊದಲು ವೇದಿಕೆಯ ಮೇಲೆ ಕೂತುಕೊಳ್ಳುವ ನಾವೆಲ್ಲ, ನಮ್ಮ ಮಕ್ಕಳು ಮೊಮ್ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂದು ಒಂದು ಪಟ್ಟಿ ಮಾಡಿ ಈ ಬಾಗಿಲಿಗೆ ಅಂಟಿಸೋಣ. ಊರಿನ ಕನ್ನಡ ಶಾಲೆಯ ಒಂದನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದನ್ನೂ ಅದರ ಕೆಳಗೆ ಬರೆಯೋಣ. ನನ್ನ ಮೊಮ್ಮಗಳು ಹೋಗುವುದು ಇಂಗ್ಲಿಷ್ ಮೀಡಿಯಂ. ಪಟ್ಟಿಯಲ್ಲಿ ಮೊದಲ ಹೆಸರು ಅವಳದ್ದೇ ಇರಲಿ.