ಸರದಿಯ ಸಾಲು

ನ್ಯಾಯಬೆಲೆ ಅಂಗಡಿಯ ಮುಂದೆ ನಸುಕಿನಲ್ಲಿಯೇ ಖಾಲಿ ಚೀಲಗಳು ಸಾಲುಗಟ್ಟಿರುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಕೆಲವೆಡೆ ಚೀಲಕ್ಕೆ ಬದಲು ಒಂದು ಕಲ್ಲು, ಇಲ್ಲವೆ ಒಂದು ಜೊತೆ ಚಪ್ಪಲಿ. ಅವುಗಳ ಒಡೆಯರು ಮನೆಗೆ ಹೋಗಿ, ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಬಾಗಿಲು ತೆರೆಯುವ ಹೊತ್ತಿಗೆ ಮರಳುತ್ತಾರೆ. ಎಲ್ಲಿಯೂ ಬರೆದಿಡದ ಈ ಕಟ್ಟಳೆಯನ್ನು ಓದುಬರಹ ಅರಿಯದವರೂ ಪಾಲಿಸುತ್ತಾರೆ. ನಮ್ಮ ಜನರಿಗೆ ಸಾಲಿನ ಶಿಸ್ತೇ ಇಲ್ಲವೆಂದು ಹಗುರವಾಗಿ ನುಡಿಯುವ ವಿದ್ಯಾವಂತರು ಒಮ್ಮೆ ಆ ಚೀಲಗಳನ್ನು ನೋಡಿ ಬರುವುದು ಒಳಿತು.

ಕೆಡುವುದು ಬಾಗಿಲು ತೆರೆದ ಮೇಲೆ. ಪರಿಚಯದವರೊಬ್ಬರು ಬಂದು, "ಅಕ್ಕಾ, ನಿಮ್ಮ ಮುಂದೆ ನಿಂತುಕೊಳ್ಳುತ್ತೇನೆ, ಒಂದೇ ಕಾರ್ಡು" ಎನ್ನುತ್ತಾರೆ. ದಾಕ್ಷಿಣ್ಯಕ್ಕೆ ಕಟ್ಟುಬಿದ್ದ ಆಕೆ ಜಾಗ ಬಿಡುತ್ತಾಳೆ. ಉಪಕಾರ ಮಾಡಿದೆನೆಂಬ ಸಮಾಧಾನವೂ ಅವಳಿಗುಂಟು. ಆದರೆ ಅವಳು ಕೊಟ್ಟದ್ದು ಯಾರ ಸೊತ್ತನ್ನು? ಹಿಂದೆ 30 ಮಂದಿ ಇದ್ದು, ಒಂದು ಕಾರ್ಡಿಗೆ 5 ನಿಮಿಷ ಹಿಡಿದರೆ, ಅವರೆಲ್ಲರ ಒಟ್ಟು 150 ನಿಮಿಷ ಹೋಯಿತು. ಅವರಲ್ಲಿ ದಿನಗೂಲಿಯವರೂ ಇರುತ್ತಾರೆ. ಬೆರಳಚ್ಚಿನ ಯಂತ್ರ ಕೈಕೊಟ್ಟ ದಿನವಂತೂ ಅವರ ಕೂಲಿಯೇ ಕೈಬಿಡುತ್ತದೆ. ತನ್ನ ಜಾಗವನ್ನು ಬಿಟ್ಟುಕೊಟ್ಟು ತಾನು ಸಾಲಿನ ಕೊನೆಗೆ ಹೋಗಿ ನಿಂತಿದ್ದರೆ ಅದನ್ನು ನಾವು ದಾನವೆಂದು ಕರೆಯುತ್ತಿದ್ದೆವು.

ಹಾಗಾದರೆ ತುಂಬು ಬಸುರಿಯೂ, ಊರುಗೋಲು ಹಿಡಿದ ಅಜ್ಜನೂ ಸರದಿಗೆ ಕಾಯಲೇಬೇಕೇ? ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ 5ನೆಯ ಭಾಗದಲ್ಲಿ ಲೆಸ್ಬೋಸ್ ದ್ವೀಪದ ಕಟ್ಟಡ ಕೆಲಸಗಾರರ ಸೀಸದ ಅಳತೆಪಟ್ಟಿಯನ್ನು ನೆನೆಯುತ್ತಾನೆ. ಅದು ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗುತ್ತಿತ್ತು. ಕಾನೂನು ಎಲ್ಲರನ್ನೂ ಉದ್ದೇಶಿಸಿ ಸಾಮಾನ್ಯವಾಗಿ ಮಾತನಾಡುವುದರಿಂದ ಕೆಲವು ಸಂದರ್ಭಗಳಲ್ಲಿ ತಪ್ಪುತ್ತದೆ. ಅದನ್ನು ತಿದ್ದುವುದೂ ನ್ಯಾಯವೇ ಎಂಬುದು ಅವನ ವಾದ. ನಾವು ಇದನ್ನು ಒಪ್ಪುತ್ತೇವೆ. ಆದರೆ ಆ ಪಟ್ಟಿಯನ್ನು ಬಾಗಿಸುವ ಅಧಿಕಾರ ಮುಂದಿರುವ ಒಬ್ಬರದಲ್ಲ, ಕಾಯುತ್ತಿರುವ ಎಲ್ಲರದು. "ಇವರನ್ನು ಮೊದಲು ಬಿಡೋಣವೇ?" ಎಂದು ಹಿಂತಿರುಗಿ ಕೇಳಲು ಎಷ್ಟು ಹೊತ್ತು ಬೇಕು? ಹಾಗೆ ಕೇಳಿದಾಗ ಬೇಡವೆಂದವರನ್ನು ನಾವಂತೂ ಕಂಡಿಲ್ಲ.

ಸರದಿಯೇ ಇಲ್ಲದಿದ್ದರೆ ಏನಾಗುವುದೆಂಬುದನ್ನು ಸಂತ ಯೊವಾನ್ನರ ಶುಭಸಂದೇಶ ಬಲ್ಲವರಿಗೆ ಹೇಳಬೇಕಾಗಿಲ್ಲ. ಬೆತ್ಸಥ ಕೊಳದ ಬಳಿ 38 ವರ್ಷಗಳ ರೋಗಿ ಮಲಗಿದ್ದ. ಅವನು ಕೊಳಕ್ಕಿಳಿಯುವಷ್ಟರಲ್ಲಿ ಪ್ರತಿಸಲವೂ ಬೇರೊಬ್ಬ ಇಳಿದಿರುತ್ತಿದ್ದ. ಅಲ್ಲಿ ಕಾಲಿನ ಬಲವೇ ಕಾನೂನಾಗಿತ್ತು.

ಇಷ್ಟನ್ನು ಬರೆಯುವಾಗ ನಮ್ಮ ಕೈಯೂ ಶುದ್ಧವಲ್ಲ. ಬಿಳಿಯ ನಿಲುವಂಗಿಯನ್ನು ಕಂಡೊಡನೆ "ಫಾದರ್, ನೀವು ಮುಂದೆ ಬನ್ನಿ" ಎನ್ನುವ ಗೌರವಕ್ಕೆ ನಾವು ಒಗ್ಗಿಹೋಗಿದ್ದೇವೆ. ಕೆಲವು ತಿಂಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ನಮ್ಮ ಚೀಟಿಯ ಸಂಖ್ಯೆ 41 ಆಗಿತ್ತು. ಒಳಗಿನವರು 12ರ ನಂತರ ನಮ್ಮನ್ನು ಕರೆದರು, ನಾವು ಹೋದೆವು. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಯಿಯೊಬ್ಬಳು ಎದ್ದು ನಮಗೆ ದಾರಿ ಬಿಟ್ಟಳು, ಕೈಮುಗಿದಳು. ಅವಳ ಚೀಟಿ 13. ನಾವು ಔಷಧ ಪಡೆದು ಹೊರಬಂದಾಗ ಅವಳು ಇನ್ನೂ ಬಾಗಿಲ ಬಳಿಯೇ ನಿಂತಿದ್ದಳು, ಮಗು ಅಳುತ್ತಿತ್ತು.